ಕನಜಾವಾದ ರೇಕು

ಜಪಾನಿನ ಕನಜಾವಾಕ್ಕೆ ಹೋದವರು ಚಿನ್ನದ ಹಾಳೆ ಹೊದಿಸಿದ ಐಸ್‌ಕ್ರೀಮ್ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಅದನ್ನು ತಿಂದರೆ ದೇಹಕ್ಕೇನಾದರೂ ಲಾಭವಿದೆಯೇ ಎಂದು ಓದುಗರೊಬ್ಬರು ಕೇಳಿದ್ದಾರೆ. ಇಲ್ಲ. ಜಠರದ ಆಮ್ಲ ಚಿನ್ನವನ್ನು ಕರಗಿಸಲಾರದು. ತಿಂದದ್ದು ಹಾಗೆಯೇ ಹೊರಬೀಳುತ್ತದೆ. ಕಾಂತಿ, ಆಯುಸ್ಸು ಎಂಬುದೆಲ್ಲ ವ್ಯಾಪಾರದ ಮಾತು. ನಿಜವಾದ ಬೆರಗು ಆ ಹಾಳೆ ಅಷ್ಟು ತೆಳ್ಳಗಾದ ಬಗೆಯಲ್ಲಿದೆ.

ಕನಜಾವಾ ಮಾಯೆದಾ ದೊರೆಗಳ ಕೋಟೆಯೂರು. ಜಪಾನಿನ ಚಿನ್ನದ ರೇಕು ಹೆಚ್ಚುಕಡಿಮೆ ಪೂರ್ತಿ ಇಲ್ಲಿಯದೇ. ದಪ್ಪ, ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು. ಒಂದು ಗ್ರಾಂ ಚಿನ್ನ ಹೀಗೆ ಹರಡಿದರೆ ಅರ್ಧ ಚದರ ಮೀಟರ್ ಜಾಗ ಮುಚ್ಚುತ್ತದೆ. ದಪ್ಪದಲ್ಲಿ ಪರಮಾಣುಗಳ ಸುಮಾರು 400 ಪದರ. ಬೆಳಕಿಗೆ ಹಿಡಿದರೆ ಹಸಿರುನೀಲಿ ಬಣ್ಣ ತೂರಿಬರುತ್ತದೆ.

ಲೋಹ ಹೀಗೆ ಹರಡುವುದೇಕೆ? ಮದುವೆ ಮನೆಯಲ್ಲಿ ಹಾಸಿದ ದೊಡ್ಡ ಜಮಖಾನವನ್ನು ಒಂದು ಗೇಣು ಆಚೆ ಸರಿಸಬೇಕಾಗಿದೆ ಎನ್ನಿ. ಅಂಚು ಹಿಡಿದು ಎಳೆದರೆ ನಾಲ್ವರಿಗೂ ಜಗ್ಗದು. ಅದೇ ಈ ಬದಿಯಲ್ಲೊಂದು ಮಡಿಕೆ ಎಬ್ಬಿಸಿ, ಅದನ್ನು ಕಾಲಿನಿಂದ ತಳ್ಳುತ್ತ ನಡೆದರೆ, ಮಡಿಕೆ ಆಚೆ ಅಂಚು ಮುಟ್ಟುವ ಹೊತ್ತಿಗೆ ಜಮಖಾನವೇ ಸರಿದಿರುತ್ತದೆ. ಒಬ್ಬ ಹುಡುಗ ಸಾಕು. ಲೋಹದ ಹರಳಿನೊಳಗೂ ಪರಮಾಣುಗಳ ಪದರ ಇಡಿಯಾಗಿ ಜಾರುವುದಿಲ್ಲ. ಜೋಡಣೆಯಲ್ಲಿರುವ ಸಣ್ಣ ಲೋಪವೊಂದು ಈ ಮಡಿಕೆಯಂತೆ ಸಾಗುತ್ತದೆ, ಪದರ ತಾನಾಗಿ ಸರಿಯುತ್ತದೆ. 1934ರಲ್ಲಿ ವಿಜ್ಞಾನಿಗಳಾದ ಟೇಲರ್, ಒರೊವಾನ್, ಪೊಲಾನಿ ಮೂವರೂ ಬೇರೆ ಬೇರೆಯಾಗಿ ಈ ವಿವರಣೆಗೆ ಬಂದು ಮುಟ್ಟಿದರು. ಚಿನ್ನದ ಹರಳಿನಲ್ಲಿ ಮಡಿಕೆ ಸಾಗಲು ದಾರಿ ಹಲವು, ಅಡ್ಡಿ ಕಡಿಮೆ.

ಆದರೂ ಈ ವಿದ್ಯೆಯ ಪ್ರಾಣ ಕಾಗದದಲ್ಲಿದೆ ಎಂದೇ ನನ್ನ ಎಣಿಕೆ. ಚಿನ್ನದ ಮೈಮೇಲೆ ಆಕ್ಸೈಡಿನ ಪೊರೆಯಿಲ್ಲ, ಆದ್ದರಿಂದ ಎರಡು ರೇಕು ಒತ್ತಿದರೆ ಬೆಂಕಿಯಿಲ್ಲದೆಯೇ ಬೆಸೆದುಕೊಳ್ಳುತ್ತವೆ. ಒಂದರ ಮೇಲೊಂದಿಟ್ಟು ಬಡಿಯುವಾಗ ನಡುವೆ ಕಾಗದ ಬೇಕು; ಎಷ್ಟು ಏಟು ಬಿದ್ದರೂ ಹರಿಯದ, ಚಿನ್ನವನ್ನು ಅಂಟಿಸಿಕೊಳ್ಳದ ಕಾಗದ. ಗಂಪಿ ಎಂಬ ಪೊದೆಯ ನಾರಿನ ಹಾಳೆಯನ್ನು ಹುಲ್ಲುಬೂದಿಯ ಕ್ಷಾರ, ಪರ್ಸಿಮನ್ ಕಾಯಿಯ ಒಗರು ರಸ, ಮೊಟ್ಟೆ ಬೆರೆಸಿದ ನೀರಿನಲ್ಲಿ ನೆನೆಸಿ, ಬಡಿದು, ಮತ್ತೆ ನೆನೆಸಿ ಹದಕ್ಕೆ ತರುತ್ತಾರೆ. ಬಡಿತದಿಂದ ನಯವಾದ ಹಳೆಯ ಹಾಳೆ ಎಣ್ಣೆಯನ್ನು ಚೆನ್ನಾಗಿ ಹೀರುತ್ತದೆ. ಗೀಶಾಗಳೂ ನಟರೂ ಅದರಿಂದ ಮುಖದ ಜಿಡ್ಡು ಒರೆಸಿಕೊಳ್ಳುತ್ತಿದ್ದರು.

1593ರಲ್ಲಿ ಮಾಯೆದಾ ತೊಶಿಇಯೆ ದಂಡಿನ ಬೀಡಿನಿಂದ ತನ್ನ ಸೀಮೆಗೆ ಕಳಿಸಿದ ಪತ್ರದಲ್ಲಿ ರೇಕು ಮಾಡಿಸಲು ಆಜ್ಞೆಯಿದೆ. ಮುಂದೆ ಜಪಾನನ್ನು ಆಳುತ್ತಿದ್ದ ಷೋಗನರು ಈ ಕಸುಬಿಗೆ ಕಟ್ಟುನಿಟ್ಟು ವಿಧಿಸಿದರು. 1808ರಲ್ಲಿ ಕೋಟೆಯ ನಿನೊಮಾರು ಅರಮನೆ ಸುಟ್ಟುಹೋದಾಗ ಮತ್ತೆ ಕಟ್ಟಲು ರಾಶಿ ರೇಕು ಬೇಕಾಯಿತು. ಕ್ಯೋತೊದಿಂದ ಕುಶಲಿಗರು ಬಂದರು, ಗುಟ್ಟಾಗಿ ಕಸುಬು ಬೇರೂರಿತು. ಊರಿನ ತೇವದ ಹವೆಯೂ ಒದಗಿಬಂತು. ಒಣಹವೆಯಲ್ಲಿ ಸ್ಥಿರವಿದ್ಯುತ್ತಿನಿಂದ ರೇಕು ಮುದುಡುತ್ತದೆ.

ಹೋಗುವವರು ಹಿಗಾಷಿಯಾಮಾದ ಯಾಸುಎ ರೇಕಿನ ಸಂಗ್ರಹಾಲಯವನ್ನು ತಪ್ಪಿಸಬೇಡಿ. ಈಗಿನ ಬಹುಪಾಲು ರೇಕು ಕಾರ್ಬನ್ ಬಳಿದ ಗ್ಲಾಸಿನ್ ಕಾಗದದಲ್ಲಿ ಬಡಿದು, ಕಟ್ಟುಗಟ್ಟಲೆ ಒಟ್ಟಿಗೆ ಕತ್ತರಿಸಿದ್ದು. ಗಂಪಿ ಕಾಗದದ ಹಳೆಯ ಕ್ರಮಕ್ಕೆ ಎಂತ್ಸುಕೆ ಎಂದು ಹೆಸರು. ಅಲ್ಲಿ ಪ್ರತಿ ರೇಕನ್ನೂ ಬಿದಿರಿನ ಚೌಕಟ್ಟಿನಿಂದ ಬಿಡಿಬಿಡಿಯಾಗಿ ಕತ್ತರಿಸುತ್ತಾರೆ. ಜಪಾನಿನ ಮರದ ಕಟ್ಟಡಗಳನ್ನು ಕಾಪಾಡುವ ಕೌಶಲಗಳನ್ನು 2020ರಲ್ಲಿ ಯುನೆಸ್ಕೊ ಮಾನ್ಯ ಮಾಡಿದಾಗ ಎಂತ್ಸುಕೆಯೂ ಅದರಲ್ಲಿತ್ತು. ಅಂಗಡಿಯಲ್ಲಿ ಕೊಳ್ಳುವ ಮೊದಲು ಯಾವ ಕ್ರಮದ್ದೆಂದು ಕೇಳಿ. ಬೆಲೆಯ ಅಂತರ ಆ ಕಾಗದದ್ದು, ಆ ಕೈಗಳದ್ದು.