ಮನೆಯ ಕಂಪ್ಯೂಟರು: ಅದು ಏಳುವ ಕ್ರಮ, ಕೆಡುವ ಬಗೆ

ಮೇಜಿನ ಮೇಲಣ ಕಂಪ್ಯೂಟರು ಒಂದು ದಿನ ಏಳದೆ ಹೋದರೆ, ಅದು ಕೆಟ್ಟಿದೆ ಎಂಬ ಒಂದೇ ಮಾತಿನಲ್ಲಿ ಸಂಗತಿಯನ್ನು ಮುಗಿಸಿ, ರಿಪೇರಿಯವರ ಬರವನ್ನು ಕಾಯುತ್ತ ಕುಳಿತುಕೊಳ್ಳುವುದು ನಮ್ಮ ಅನೇಕ ಮನೆಗಳಲ್ಲಿ ರೂಢಿಯಾಗಿದೆ. ಆ ಒಂದು ಮಾತಿನೊಳಗೆ, ಗೋಡೆಯ ಪ್ಲಗ್ಗಿನ ಸಡಿಲದಿಂದ ಮೊದಲ್ಗೊಂಡು ಎಷ್ಟೋ ವರ್ಷಗಳ ಛಾಯಾಚಿತ್ರಗಳನ್ನು ಹೊತ್ತ ಡಿಸ್ಕಿನ ನಾಶದವರೆಗೆ, ಒಂದಕ್ಕೊಂದು ಸಂಬಂಧವೇ ಇಲ್ಲದ ನಾನಾ ಬಗೆಯ ದೋಷಗಳು ಅಡಗಿರಬಹುದೆಂಬುದನ್ನಾಗಲಿ, ಅವುಗಳಲ್ಲಿ ಅನೇಕವನ್ನು ಯಾವ ವಿಶೇಷ ವಿದ್ಯೆಯೂ ಇಲ್ಲದ ಗೃಹಸ್ಥರು ತಾವೇ ಗುರುತಿಸಬಲ್ಲರೆಂಬುದನ್ನಾಗಲಿ ನಾವು ಆಲೋಚಿಸುವುದಿಲ್ಲ. ಈ ಯಂತ್ರವು ಎಚ್ಚರಗೊಳ್ಳುವುದಕ್ಕೆ ಒಂದು ನಿಯತವಾದ ಕ್ರಮವುಂಟು. ಆ ಕ್ರಮವನ್ನು ಬಲ್ಲವರಿಗೆ ಅದು ಎಲ್ಲಿ ನಿಂತಿತೆಂಬುದು ತಿಳಿಯುತ್ತದೆ. ನಿಂತ ಸ್ಥಳ ತಿಳಿದ ಮೇಲೆ ದೋಷವನ್ನು ಹುಡುಕುವ ಕೆಲಸದಲ್ಲಿ ಬಹುಪಾಲು ಮುಗಿದಂತೆಯೇ ಸರಿ.

ಇದು ತೆರೆದು ನೋಡತಕ್ಕ ಯಂತ್ರವಾಗಿಯೇ ಹುಟ್ಟಿತೆಂಬುದನ್ನು ಮೊದಲು ನೆನೆಯಬೇಕು. ಅಮೆರಿಕದ ಐ.ಬಿ.ಎಂ. ಸಂಸ್ಥೆಯವರು ಫ್ಲಾರಿಡಾ ಸಂಸ್ಥಾನದ ಬೋಕಾ ರಾಟನ್ ಎಂಬ ಊರಿನಲ್ಲಿ, ಡಾನ್ ಎಸ್ಟ್ರಿಜ್ ಎಂಬವರ ನೇತೃತ್ವದಲ್ಲಿ, ಸುಮಾರು ಒಂದೇ ವರ್ಷದೊಳಗೆ ಸಿದ್ಧಪಡಿಸಿ, ೧೯೮೧ನೆಯ ಆಗಸ್ಟ್ ೧೨ರಂದು ಲೋಕದ ಮುಂದಿಟ್ಟ ಪರ್ಸನಲ್ ಕಂಪ್ಯೂಟರಿನಲ್ಲಿ ಇದ್ದುದು ಇಂಟೆಲ್ ೮೦೮೮ ಎಂಬ ಪ್ರೊಸೆಸರು ಮತ್ತು, ಅತ್ಯಂತ ಅಗ್ಗದ ಮಾದರಿಯಲ್ಲಿ, ಕೇವಲ ೧೬ ಕಿಲೋಬೈಟಿನ ಮೆಮೊರಿ. ಕಾಲವನ್ನು ಉಳಿಸುವುದಕ್ಕಾಗಿ ಅವರು ಪೇಟೆಯಲ್ಲಿ ಸಿದ್ಧವಾಗಿ ದೊರೆಯುತ್ತಿದ್ದ ಭಾಗಗಳನ್ನೇ ಆಯ್ದು ಜೋಡಿಸಿದರಲ್ಲದೆ, ಅದರ ವಿದ್ಯುನ್ಮಂಡಲದ ನಕ್ಷೆಗಳನ್ನೂ, ಅದನ್ನು ಎಬ್ಬಿಸುವ ಮೂಲ ಪ್ರೋಗ್ರಾಮಿನ ಸಾಲುಸಾಲುಗಳನ್ನೂ ಒಂದು ಕೈಪಿಡಿಯಲ್ಲಿ ಅಚ್ಚು ಮಾಡಿಸಿ ಮಾರಿದರು. ಇಂದು ಯಾವುದೋ ದೇಶದಲ್ಲಿ ತಯಾರಾದ ರ‍್ಯಾಮಿನ ಪಟ್ಟಿಯೊಂದನ್ನು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಕೊಂಡು ತಂದು, ಬೇರೊಂದು ದೇಶದ ಮದರ್‌ಬೋರ್ಡಿನಲ್ಲಿ ಕೂರಿಸಿ, ಅದು ಕೆಲಸ ಮಾಡುವುದನ್ನು ಕಾಣುತ್ತೇವಲ್ಲ, ಆ ಸೌಕರ್ಯದ ಬೇರು ಇರುವುದು ಅಂದಿನ ಆ ಬಿಚ್ಚುಮನಸ್ಸಿನಲ್ಲಿ. ಈಚಿನ ತೆಳು ಲ್ಯಾಪ್‌ಟಾಪುಗಳಲ್ಲಿ ಹಲವು ಭಾಗಗಳನ್ನು ಬೋರ್ಡಿಗೇ ಬೆಸೆದುಬಿಡುತ್ತಿರುವುದು ನನಗೆ ಖೇದವನ್ನುಂಟುಮಾಡುವ ಸಂಗತಿ; ಆದರೆ ಎಚ್ಚರಗೊಳ್ಳುವ ಕ್ರಮ ಅವುಗಳಿಗೂ ಒಂದೇ.

ಕಾಲುವೆಯ ಕೊನೆಯ ಗದ್ದೆಗೆ ನೀರು ಬಾರದಿದ್ದಾಗ ಅನುಭವಸ್ಥನಾದ ರೈತನು ಗದ್ದೆಯಲ್ಲಿಯೇ ನಿಂತು ಚಿಂತಿಸುವುದಿಲ್ಲ. ಕೆರೆಯ ತೂಬಿನಿಂದ ತೊಡಗಿ ದಡದುದ್ದಕ್ಕೂ ನಡೆದು ಬಂದು, ನೀರು ಎಲ್ಲಿಯವರೆಗೆ ಹರಿದಿದೆಯೋ ಅಲ್ಲಿ ನಿಂತು ನೋಡುತ್ತಾನೆ. ಕಂಪ್ಯೂಟರಿನ ದೋಷವನ್ನು ಅರಸುವ ಮಾರ್ಗವೂ ಅದೇ. ಗೋಡೆಯ ವಿದ್ಯುತ್ತು ಪೆಟ್ಟಿಗೆಯೊಳಗಣ ಎಸ್.ಎಂ.ಪಿ.ಎಸ್. ಎಂಬ ಘಟಕವನ್ನು ಸೇರಿ ಅಲ್ಲಿಂದ ಮದರ್‌ಬೋರ್ಡಿಗೆ ಹರಿಯುವುದು ಮೊದಲನೆಯ ಘಟ್ಟ, ಬೋರ್ಡಿನ ಚಿಪ್ಪೊಂದರಲ್ಲಿ ನೆಲೆಸಿರುವ ಪುಟ್ಟ ಪ್ರೋಗ್ರಾಮು (ಹಿಂದೆ ಬಯಾಸ್ ಎನ್ನುತ್ತಿದ್ದರು, ಈಗಿನ ರೂಪಕ್ಕೆ ಯು.ಇ.ಎಫ್.ಐ. ಎಂದು ಹೆಸರು) ಎಚ್ಚೆತ್ತು, ಪ್ರೊಸೆಸರು, ರ‍್ಯಾಮು, ಪರದೆಗೆ ಚಿತ್ರವನ್ನು ಕಳುಹಿಸುವ ಭಾಗ ಇವೆಲ್ಲ ನೆಟ್ಟಗಿವೆಯೆ ಎಂದು ಪರೀಕ್ಷಿಸುವುದು ಎರಡನೆಯದು, ಡಿಸ್ಕಿನಲ್ಲಿರುವ ವಿಂಡೋಸನ್ನೋ ಲಿನಕ್ಸನ್ನೋ ಎತ್ತಿ ತಂದು ರ‍್ಯಾಮಿನಲ್ಲಿ ತುಂಬುವುದು ಮೂರನೆಯದು, ನಾವು ನಿತ್ಯ ಬಳಸುವ ಪ್ರೋಗ್ರಾಮುಗಳು ತೆರೆದುಕೊಳ್ಳುವುದು ಕಡೆಯದು. ಫ್ಯಾನೇ ತಿರುಗದಿದ್ದರೆ ಹರಿವು ನಿಂತಿರುವುದು ಮೊದಲ ಘಟ್ಟದಲ್ಲಿ. ಫ್ಯಾನು ತಿರುಗಿಯೂ ಪರದೆ ಕಪ್ಪಾಗಿಯೇ ಉಳಿದರೆ ಎರಡನೆಯದರಲ್ಲಿ. ತಯಾರಕರ ಲಾಂಛನ ಮೂಡಿ ಮುಂದುವರಿಯದಿದ್ದರೆ ಮೂರನೆಯದರಲ್ಲಿ. ಡೆಸ್ಕ್‌ಟಾಪ್ ಕಾಣಿಸಿಕೊಂಡ ಮೇಲೆ ತೊಡಕು ತಲೆದೋರಿದರೆ, ಯಂತ್ರದ ಅಂಗಾಂಗಗಳನ್ನು ಶಂಕಿಸುವುದಕ್ಕೆ ಮೊದಲು ತಂತ್ರಾಂಶವನ್ನು ಶಂಕಿಸುವುದೇ ನ್ಯಾಯ.

ಮೊದಲ ಘಟ್ಟದಲ್ಲಿ ನೋಡತಕ್ಕದ್ದು ಸ್ವಲ್ಪವೇ: ಗೋಡೆಯ ಸ್ವಿಚ್ಚು, ಪೆಟ್ಟಿಗೆಯ ಹಿಂಬದಿಯಲ್ಲಿ ಸಡಿಲವಾಗಿರಬಹುದಾದ ಕೇಬಲ್ಲು, ಅಲ್ಲಿಯೇ ಇರುವ ಚಿಕ್ಕ ಸ್ವಿಚ್ಚು, ಮತ್ತು ಯು.ಪಿ.ಎಸ್. ಇದರೊಳಗಣ ಬ್ಯಾಟರಿಯು ಸಾಮಾನ್ಯವಾಗಿ ಎರಡು ಮೂರು ವರ್ಷಗಳಲ್ಲಿ ಸತ್ವಹೀನವಾಗುವುದರಿಂದ, ಕರೆಂಟು ಹೋದೊಡನೆಯೆ ಕಂಪ್ಯೂಟರೂ ಆರಿಹೋಗುತ್ತಿದ್ದರೆ ಬ್ಯಾಟರಿಯ ಆಯುಸ್ಸು ಮುಗಿದಿದೆಯೆಂದು ತಿಳಿಯಬಹುದು; ಯು.ಪಿ.ಎಸ್. ಅನ್ನು ಬಿಟ್ಟು ನೇರವಾಗಿ ಗೋಡೆಗೆ ಸಿಕ್ಕಿಸಿದಾಗ ಯಂತ್ರವು ಎದ್ದರೆ ದೋಷವು ಯು.ಪಿ.ಎಸ್.ನದೇ ಎಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಎಸ್.ಎಂ.ಪಿ.ಎಸ್. ಘಟಕವು ೨೩೦ ವೋಲ್ಟಿನ ಮನೆಯ ವಿದ್ಯುತ್ತನ್ನು ೧೨, ೫ ಮತ್ತು ೩.೩ ವೋಲ್ಟುಗಳಿಗೆ ಇಳಿಸಿ ಕೊಡತಕ್ಕದ್ದು. ಇದೊಂದನ್ನು ಮಾತ್ರ ಗೃಹಸ್ಥರು ಎಂದಿಗೂ ಬಿಚ್ಚಬಾರದು. ಪ್ಲಗ್ಗನ್ನು ಕಿತ್ತ ಮೇಲೆಯೂ ಅದರ ಕೆಪಾಸಿಟರುಗಳಲ್ಲಿ ೩೦೦ ವೋಲ್ಟಿಗೂ ಮೀರಿದ ವಿದ್ಯುತ್ತು ಕೆಲಕಾಲ ಉಳಿದಿರಬಹುದು. ಪೆಟ್ಟಿಗೆಯ ಲೋಹವನ್ನು ಮುಟ್ಟಿದರೆ ಕೈ ಜುಮ್ಮೆನ್ನುತ್ತದೆಂಬ ದೂರು ನಮ್ಮಲ್ಲಿ ಸಾಮಾನ್ಯ. ಅದು ಬಹುಮಟ್ಟಿಗೆ ಕಂಪ್ಯೂಟರಿನ ದೋಷವಲ್ಲ, ಮನೆಯ ವಯರಿಂಗಿನಲ್ಲಿ ಅರ್ತಿಂಗ್ ಇಲ್ಲದಿರುವುದರ ದೋಷ. ಎಸ್.ಎಂ.ಪಿ.ಎಸ್.ನ ಒಳಗೆ ವಿದ್ಯುತ್ತಿನ ಕಲ್ಮಷವನ್ನು ಸೋಸುವ ಕೆಪಾಸಿಟರುಗಳು ಪೆಟ್ಟಿಗೆಯ ಲೋಹಕ್ಕೆ ಜೋಡಣೆಗೊಂಡಿರುತ್ತವೆ. ಅವುಗಳ ಮೂಲಕ ಜಿನುಗುವ ಅತ್ಯಲ್ಪ ವಿದ್ಯುತ್ತು ನೆಲವನ್ನು ಸೇರಲು ದಾರಿಯಿಲ್ಲದೆ ಪೆಟ್ಟಿಗೆಯಲ್ಲಿಯೇ ನಿಲ್ಲುತ್ತದೆ. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನನ್ನು ಅನಾವಶ್ಯಕವೆಂದು ಭಾವಿಸುವವರು ಇದನ್ನು ಗಮನಿಸಿ, ಎಲೆಕ್ಟ್ರಿಷಿಯನ್ನರನ್ನು ಕರೆಸಿ ಅರ್ತಿಂಗನ್ನು ಸರಿಪಡಿಸಿಕೊಳ್ಳಬೇಕು.

ಎರಡನೆಯ ಘಟ್ಟದಲ್ಲಿ ಯಂತ್ರವು ತನ್ನ ಕಷ್ಟವನ್ನು ತಾನೇ ಹೇಳಿಕೊಳ್ಳಲು ಯತ್ನಿಸುತ್ತದೆ. ಪರದೆಗೆ ಚಿತ್ರವನ್ನು ಕಳುಹಿಸಲು ಇನ್ನೂ ಶಕ್ತವಾಗಿಲ್ಲದ ಆ ಸ್ಥಿತಿಯಲ್ಲಿ ಅದಕ್ಕಿರುವ ಸಾಧನ ಬೀಪ್ ಎಂಬ ಸದ್ದು, ಅಥವಾ ಹೊಸ ಬೋರ್ಡುಗಳಲ್ಲಿ ಒಂದು ಸಣ್ಣ ದೀಪ. ರ‍್ಯಾಮ್ ಸರಿಯಾಗಿ ಕುಳಿತಿಲ್ಲದಿದ್ದರೆ ಬಹಳ ಬೋರ್ಡುಗಳು ದೀರ್ಘವಾದ ಬೀಪುಗಳನ್ನು ಮತ್ತೆಮತ್ತೆ ಹೊರಡಿಸುತ್ತವೆ. ಯಾವ ಸದ್ದಿಗೆ ಯಾವ ಅರ್ಥವೆಂಬುದನ್ನು ಬೋರ್ಡಿನ ಕೈಪಿಡಿಯಲ್ಲಿ ನೋಡಬೇಕು. ನಮ್ಮ ನಾಡಿನ ಧೂಳಿನಲ್ಲಿ, ಮಲೆನಾಡಿನ ತೇವದಲ್ಲಿ, ಕರಾವಳಿಯ ಉಪ್ಪುಗಾಳಿಯಲ್ಲಿ ರ‍್ಯಾಮಿನ ಚಿನ್ನದ ಬಣ್ಣದ ಅಂಚುಗಳಿಗೆ ಮಸಿ ಕವಿಯುವುದು ಸಹಜ. ಪ್ಲಗ್ಗನ್ನು ಕಿತ್ತು, ಪವರ್ ಗುಂಡಿಯನ್ನು ಅರ್ಧ ನಿಮಿಷದಷ್ಟು ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಬರಿದು ಮಾಡಿ, ಪೆಟ್ಟಿಗೆಯ ಲೋಹವನ್ನೊಮ್ಮೆ ಮುಟ್ಟಿ ಮೈಯಲ್ಲಿರಬಹುದಾದ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಂಡು, ರ‍್ಯಾಮಿನ ಪಟ್ಟಿಯನ್ನು ಎರಡು ಬದಿಯ ಕೊಂಡಿಗಳಿಂದ ಬಿಡಿಸಿ, ಅದರ ಅಂಚನ್ನು ಪೆನ್ಸಿಲ್ ಅಳಿಸುವ ಮೆತ್ತನೆಯ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಒರಸಿ, ಕೊಂಡಿ ಟಕ್ಕೆನ್ನುವವರೆಗೆ ಮರಳಿ ಕೂರಿಸಿದರೆ, ಸತ್ತಿತೆಂದು ಕೈಬಿಟ್ಟ ಎಷ್ಟೋ ಯಂತ್ರಗಳು ಮರಳಿ ಏಳುತ್ತವೆ. ಪರದೆಯು ಕಪ್ಪಾಗಿರುವಾಗ ಮಾನಿಟರಿನ ಕೇಬಲ್ಲನ್ನೂ ನೋಡತಕ್ಕದ್ದು; ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರದಲ್ಲಿ ಕೇಬಲ್ಲನ್ನು ಆ ಕಾರ್ಡಿಗೆ ಸಿಕ್ಕಿಸಬೇಕಲ್ಲದೆ ಬೋರ್ಡಿಗಲ್ಲ.

ಇಲ್ಲಿಯೇ ಇನ್ನೊಂದು ವಿಚಿತ್ರ ದೋಷವನ್ನು ಹೇಳಿಬಿಡಬೇಕು. ಯಂತ್ರವು ಏಳುತ್ತದೆ, ಇಂಟರ್‌ನೆಟ್ ಇದೆ, ಆದರೂ ಬ್ಯಾಂಕಿನ ಪುಟವಾಗಲಿ ಮಿಂಚಂಚೆಯಾಗಲಿ ಸುರಕ್ಷಿತವಲ್ಲವೆಂಬ ಎಚ್ಚರಿಕೆ ಬಂದು ತೆರೆಯುವುದಿಲ್ಲ; ಮನೆಯವರು ವೈರಸ್ಸೆಂದು ಹೆದರುತ್ತಾರೆ. ಪರದೆಯ ಮೂಲೆಯಲ್ಲಿರುವ ತಾರೀಖನ್ನು ನೋಡಿದರೆ ಅದು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಯಂತ್ರವು ಆರಿರುವಾಗಲೂ ಗಡಿಯಾರವನ್ನು ನಡೆಸತಕ್ಕ ೩ ವೋಲ್ಟಿನ ನಾಣ್ಯಾಕಾರದ ಸೆಲ್ಲು ಬೋರ್ಡಿನ ಮೇಲಿರುತ್ತದೆ. ಅದು ಬರಿದಾದರೆ ಕಾಲವು ಹಿಂದಕ್ಕೆ ಸರಿಯುತ್ತದೆ. ಸುರಕ್ಷಿತ ಪುಟಗಳ ಪ್ರಮಾಣಪತ್ರಗಳಿಗೆ ಇಂಥ ದಿನದಿಂದ ಇಂಥ ದಿನದವರೆಗೆಂಬ ಅವಧಿ ಇರುವುದರಿಂದ, ಹಳೆಯ ತಾರೀಖಿನ ಯಂತ್ರಕ್ಕೆ ಅವು ಇನ್ನೂ ಹುಟ್ಟದ ಪತ್ರಗಳಾಗಿ ತೋರುತ್ತವೆ. ೨೦೩೨ ಎಂಬ ಸಂಖ್ಯೆಯ ಆ ಸೆಲ್ಲು ಗಡಿಯಾರದ ಅಂಗಡಿಯಲ್ಲಿಯೂ ಅಲ್ಪ ಬೆಲೆಗೆ ಸಿಗುತ್ತದೆ.

ಮೂರನೆಯ ಘಟ್ಟದ ನಾಯಕ ಡಿಸ್ಕು. ಬೂಟ್ ಮಾಡತಕ್ಕ ಸಾಧನವಿಲ್ಲವೆಂಬ ಸಂದೇಶ ಬಂದಾಗ, ಮೊದಲು ಸಿಕ್ಕಿಸಿ ಮರೆತ ಪೆನ್ ಡ್ರೈವನ್ನು ತೆಗೆದು ನೋಡಬೇಕು, ತರುವಾಯ ಡಿಸ್ಕಿನ ಕೇಬಲ್ಲನ್ನು ಒತ್ತಿ ಕೂರಿಸಬೇಕು. ಅಷ್ಟಕ್ಕೂ ಸರಿಹೋಗದಿದ್ದರೆ ನಿಧಾನಿಸುವುದು ಲೇಸು. ಏಕೆಂದರೆ ಕಂಪ್ಯೂಟರಿನ ಇನ್ನಾವ ಭಾಗ ಕೆಟ್ಟರೂ ಹಣ ಕೊಟ್ಟು ಹೊಸದನ್ನು ತರಬಹುದು, ಡಿಸ್ಕಿನಲ್ಲಿದ್ದುದನ್ನು ಹಾಗೆ ತರಲಾಗದು. ೧೯೫೬ರಲ್ಲಿ ಐ.ಬಿ.ಎಂ. ಸಂಸ್ಥೆಯವರು ರೂಪಿಸಿದ ಮೊದಲ ಹಾರ್ಡ್ ಡಿಸ್ಕಿನಲ್ಲಿ ೨೪ ಅಂಗುಲ ವ್ಯಾಸದ ೫೦ ಫಲಕಗಳಿದ್ದು, ಅವೆಲ್ಲ ಸೇರಿ ೫೦ ಲಕ್ಷ ಅಕ್ಷರಗಳನ್ನು ಹಿಡಿಯುತ್ತಿದ್ದುವು; ಈಗಿನ ಮೊಬೈಲಿನ ಒಂದೇ ಒಂದು ಛಾಯಾಚಿತ್ರಕ್ಕೆ ಅದು ಸಾಲದೆ ಹೋಗಬಹುದು. ಇಂದಿನ ಹಾರ್ಡ್ ಡಿಸ್ಕಿನ ಫಲಕಗಳು ನಿಮಿಷಕ್ಕೆ ೫,೪೦೦ ಅಥವಾ ೭,೨೦೦ ಬಾರಿ ಸುತ್ತುತ್ತಿರುವಾಗ, ಅವುಗಳ ಮೇಲೆ ಕೆಲವೇ ನ್ಯಾನೋಮೀಟರುಗಳ ಎತ್ತರದಲ್ಲಿ, ಎಂದರೆ ತಲೆಗೂದಲಿನ ದಪ್ಪದ ಸಾವಿರಾರು ಪಾಲುಗಳಲ್ಲಿ ಒಂದು ಪಾಲಿನಷ್ಟು ಅಂತರದಲ್ಲಿ, ಓದುವ ಬರೆಯುವ ಮೊನೆಯು ತೇಲುತ್ತಿರುತ್ತದೆ. ಇಂಥ ಸೂಕ್ಷ್ಮಯಂತ್ರವು ಒಂದೇ ಸಮನೆ ಟಕ್ ಟಕ್ ಎಂದು ಸದ್ದು ಮಾಡತೊಡಗಿದರೆ, ಮತ್ತೆಮತ್ತೆ ಹಚ್ಚಿ ಪರೀಕ್ಷಿಸುವ ಚಾಪಲ್ಯವನ್ನು ಬಿಟ್ಟು ಕೂಡಲೇ ಆರಿಸಬೇಕು. ಪ್ರತಿ ಬಾರಿ ಹಚ್ಚಿದಾಗಲೂ ಉಳಿದುದು ಇನ್ನಷ್ಟು ಅಳಿಯಬಹುದು. ಕೈತಪ್ಪಿ ಅಳಿಸಿದ ಕಡತವು ಹಾರ್ಡ್ ಡಿಸ್ಕಿನಲ್ಲಿ ಅದರ ಮೇಲೆ ಬೇರೊಂದನ್ನು ಬರೆಯುವವರೆಗೂ ಇದ್ದೇ ಇರುತ್ತದಾದ್ದರಿಂದ, ಅದನ್ನು ಮರಳಿ ಪಡೆಯುವ ತಂತ್ರಾಂಶವನ್ನು ಅದೇ ಡಿಸ್ಕಿನಲ್ಲಿ ಸ್ಥಾಪಿಸುವುದು ಅನರ್ಥಕ್ಕೆ ಹಾದಿ. ಸುತ್ತುವ ಭಾಗಗಳಿಲ್ಲದ ಎಸ್.ಎಸ್.ಡಿ. ವೇಗದಲ್ಲಿ ಎಷ್ಟೋ ಮೇಲಾದರೂ, ಅಳಿಸಿದ್ದನ್ನು ಬೇಗನೆ ನಿಜವಾಗಿಯೇ ಒರಸಿಹಾಕುವುದರಿಂದ ಅಲ್ಲಿ ಈ ಆಸೆಯೂ ಕಡಿಮೆ.

ಆದುದರಿಂದ ಅಜ್ಜಿಯ ಧ್ವನಿ, ಮಗುವಿನ ಮೊದಲ ಹೆಜ್ಜೆಯ ಚಿತ್ರ, ಜಮೀನಿನ ಪತ್ರಗಳ ಪ್ರತಿ, ಬರೆಯುತ್ತಿರುವ ಪುಸ್ತಕ, ಇಂಥವೆಲ್ಲವೂ ಕಂಪ್ಯೂಟರಿನಲ್ಲಿರುವುದಲ್ಲದೆ ಹೊರಗಿನ ಡಿಸ್ಕಿನಲ್ಲೊಂದು, ಮನೆಯಿಂದ ದೂರದಲ್ಲೊಂದು, ಹೀಗೆ ಮೂರು ಕಡೆ ಇರಲೇಬೇಕೆಂಬುದನ್ನು ನಾನು ಆಗ್ರಹಪೂರ್ವಕವಾಗಿ ಹೇಳುತ್ತೇನೆ. ಹೊರಗಿನ ಡಿಸ್ಕನ್ನು ಸದಾ ಸಿಕ್ಕಿಸಿಯೇ ಇಟ್ಟರೆ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ಸು ಅದನ್ನೂ ಆಕ್ರಮಿಸುವುದರಿಂದ, ಪ್ರತಿ ಮಾಡಿದೊಡನೆ ಕಳಚಿಡಬೇಕು. ರಿಪೇರಿಗೆ ಕೊಡುವಾಗ, ಫಾರ್ಮ್ಯಾಟ್ ಮಾಡಬೇಕಾದೀತು ಎಂದು ಅಂಗಡಿಯವರು ಹೇಳಿದರೆ, ಒಳಗಿರುವುದರ ಪ್ರತಿಯನ್ನು ತೆಗೆದ ಮೇಲಲ್ಲದೆ ಒಪ್ಪಿಗೆ ಕೊಡಬಾರದು.

ಕೆಲಸ ಮಾಡುತ್ತಿರುವಾಗಲೇ ಥಟ್ಟನೆ ಆರುವ, ಅಥವಾ ಬೇಸಗೆಯಲ್ಲಿ ಮಂದವಾಗುವ ಯಂತ್ರಕ್ಕೆ ಮೊದಲ ಶಂಕೆ ಉಷ್ಣದ್ದು. ೧೦೦ ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಬಂದರೆ ಪ್ರೊಸೆಸರು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಇನ್ನೂ ಏರಿದರೆ ಆತ್ಮರಕ್ಷಣೆಗಾಗಿ ಆರಿಹೋಗುತ್ತದೆ. ಫ್ಯಾನಿನ ರೆಕ್ಕೆಗಳಿಗೂ ಹೀಟ್ ಸಿಂಕಿನ ಸಂದುಗಳಿಗೂ ಮೆತ್ತಿದ ಧೂಳನ್ನು ಮೆದುವಾದ ಕುಂಚದಿಂದಲೋ ಬ್ಲೋಯರಿನಿಂದಲೋ ತೆಗೆಯಬೇಕು. ಗಾಳಿಯೂದುವಾಗ ಫ್ಯಾನು ಅತಿವೇಗದಲ್ಲಿ ತಿರುಗದಂತೆ ಬೆರಳಿನಿಂದ ತಡೆದಿರಬೇಕು.

ತಂತ್ರಾಂಶದ ತೊಡಕುಗಳಿಗೆ ಆರಿಸಿ ಹಚ್ಚುವುದೇ ಮದ್ದೆಂಬ ಲೋಕಾನುಭವದಲ್ಲಿ ಸತ್ಯವಿದೆ; ಆದರೆ ವಿಂಡೋಸ್ ೮ರಿಂದ ಈಚೆಗೆ ಅದರಲ್ಲೊಂದು ಸೂಕ್ಷ್ಮ ಸೇರಿದೆ. ಬೇಗನೆ ಏಳಲೆಂದು ಈ ವ್ಯವಸ್ಥೆಯು, ಶಟ್ ಡೌನ್ ಮಾಡಿದಾಗ, ತನ್ನ ಒಳತಿರುಳಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು, ಮರುದಿನ ಅದನ್ನೇ ಎತ್ತಿಕೊಳ್ಳುವುದರಿಂದ, ಒಳಗೆ ಸೇರಿದ್ದ ಗೊಂದಲವೂ ಉಳಿದು ಬರಬಹುದು; ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಹೊಸದಾಗಿ ಆರಂಭವಾಗುತ್ತದೆ. ಯಂತ್ರವು ತೆವಳುತ್ತಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ, ಯಾವ ಪ್ರೋಗ್ರಾಮು ಪ್ರೊಸೆಸರನ್ನೋ ಮೆಮೊರಿಯನ್ನೋ ಡಿಸ್ಕನ್ನೋ ಆವರಿಸಿಕೊಂಡಿದೆಯೆಂಬುದನ್ನು ಕಣ್ಣಾರೆ ಕಾಣಬಹುದು. ನೀಲಿ ಪರದೆ ಬಂದರೆ ಅದರಲ್ಲಿರುವ ಸಂಕೇತವನ್ನು ಯಥಾವತ್ತಾಗಿ ಬರೆದುಕೊಳ್ಳತಕ್ಕದ್ದು. ಏನೋ ಬಂತು, ಹೋಯಿತು ಎಂಬ ವರದಿಯಿಂದ ಯಾವ ನಿಪುಣರಿಗೂ ಪ್ರಯೋಜನವಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆಯನ್ನು ಮಾಡಿ ಫಲವನ್ನು ನೋಡಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ, ಸರಿಹೋದರೂ ಏತಕ್ಕೆ ಸರಿಹೋಯಿತೆಂಬುದು ತಿಳಿಯದು. ವಿಂಡೋಸ್ ೧೦ರ ಸಾಮಾನ್ಯ ಬೆಂಬಲವು ೨೦೨೫ನೆಯ ಅಕ್ಟೋಬರ್ ೧೪ರಂದು ಮುಗಿದಿರುವುದರಿಂದ, ಹೊಸದಕ್ಕೆ ಒಗ್ಗದ ಹಳೆಯ ಯಂತ್ರಗಳಲ್ಲಿ ಉಚಿತವಾಗಿ ದೊರೆಯುವ ಲಿನಕ್ಸನ್ನು ಹಾಕಿಕೊಳ್ಳುವುದು ವಿಚಾರಾರ್ಹ.

ಪರದೆಯ ತುಂಬ ಕೆಂಪು ಎಚ್ಚರಿಕೆ ಹರಡಿ, ಈ ಸಂಖ್ಯೆಗೆ ಕೂಡಲೇ ಕರೆಮಾಡಿರೆಂದು ಕಂಡರೆ, ಅದು ದೋಷವಲ್ಲ, ವಂಚನೆ. ಮೈಕ್ರೋಸಾಫ್ಟಿನ ನಿಜವಾದ ದೋಷಸಂದೇಶಗಳಲ್ಲಿ ದೂರವಾಣಿ ಸಂಖ್ಯೆ ಇರುವುದಿಲ್ಲ. ಅಪರಿಚಿತರ ಮಾತು ಕೇಳಿ ಯಂತ್ರವನ್ನು ದೂರದಿಂದ ನಡೆಸುವ ತಂತ್ರಾಂಶವನ್ನು ಹಾಕಿಕೊಂಡು ಹಣ ಕಳೆದುಕೊಂಡವರು, ವೃದ್ಧರಾಗಲಿ ಯಾರಾಗಲಿ, ಸಂಕೋಚಪಡದೆ ೧೯೩೦ ಎಂಬ ಸರಕಾರಿ ಸಹಾಯವಾಣಿಗೆ ತಡಮಾಡದೆ ತಿಳಿಸಬೇಕು.

ಕನ್ನಡಿಗರಿಗೆ ವಿಶೇಷವಾದ ತೊಡಕೊಂದು ಉಳಿದಿದೆ. ಹಳೆಯ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಸಿದ್ಧಪಡಿಸಿದ ಲೇಖನವನ್ನು ಹೊಸ ಯಂತ್ರದಲ್ಲಿ ತೆರೆದಾಗ, ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಕಡತವು ಕೆಟ್ಟಿಲ್ಲ. ಯಂತ್ರವು ಅಕ್ಷರವನ್ನು ಸಂಖ್ಯೆಯಾಗಿಯೇ ಇಟ್ಟುಕೊಳ್ಳುತ್ತದೆ. ಆ ಕಾಲದ ಕಡತಗಳಲ್ಲಿ ಕನ್ನಡದ ತುಣುಕುಗಳಿಗೆ ಇಂಗ್ಲಿಷ್ ಅಕ್ಷರಗಳಿಗಿದ್ದ ಸಂಖ್ಯೆಗಳನ್ನೇ ಕೊಟ್ಟು, ಕನ್ನಡದ ರೂಪವನ್ನು ಫಾಂಟಿಗೆ ವಹಿಸಲಾಗಿತ್ತು. ೧೯೯೧ರ ಯೂನಿಕೋಡ್ ಎಂಬ ಅಕ್ಷರಸಂಖ್ಯೆಗಳ ಪಟ್ಟಿಯು ಕನ್ನಡಕ್ಕೆ ೧೨೮ ಸ್ಥಾನಗಳ ಸ್ವಂತ ನೆಲೆಯನ್ನು ಕೊಟ್ಟಿತಾದರೂ, ಅದು ನಮ್ಮ ಕಚೇರಿ, ಮುದ್ರಣಾಲಯಗಳನ್ನು ತಲುಪಲು ಬಹುಕಾಲ ಹಿಡಿದು, ಅಷ್ಟರಲ್ಲಿ ಅಪಾರವಾದ ಬರವಣಿಗೆ ಹಳೆಯ ರೂಪದಲ್ಲಿ ಶೇಖರವಾಗಿದೆ. ಆ ಫಾಂಟನ್ನು ಯಂತ್ರದಲ್ಲಿ ಸ್ಥಾಪಿಸಿ, ಪಠ್ಯಕ್ಕೆ ಅದನ್ನೇ ಆರಿಸಿದರೆ ಅಕ್ಷರಗಳು ಮರಳಿ ಕಾಣಿಸಿಕೊಳ್ಳುತ್ತವೆ. ಸ್ಥಿರವಾಗಿ ಉಳಿಯಬೇಕಾದರೆ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತಿರುಗಿಸಿಕೊಳ್ಳಬೇಕು. ಒತ್ತಕ್ಷರ, ಅರ್ಕಾವತ್ತುಗಳಿರುವಲ್ಲಿ ಪರಿವರ್ತನೆ ಒಮ್ಮೊಮ್ಮೆ ಎಡವುವುದರಿಂದ, ಮೂಲ ಕಡತವನ್ನು ಅಳಿಸದೆ ಪಕ್ಕದಲ್ಲಿಟ್ಟುಕೊಂಡು, ಹೊಸ ಪ್ರತಿಯನ್ನು ಆದ್ಯಂತವಾಗಿ ಓದಿ ತಿದ್ದತಕ್ಕದ್ದು.