ನಿಮಗಿದು ಗೊತ್ತೆ? ಫ್ಯಾನ್ ನಿಧಾನವಾದರೆ ಕಂಪ್ಯೂಟರ್ ಮೌನ!

ಕಂಪ್ಯೂಟರ್ ಕ್ಯಾಬಿನೆಟ್‌ನ ಫ್ಯಾನ್ ಗುಂಯ್‌ಗುಡುತ್ತಿದೆಯೇ? ಹೊಸದು ಕೊಳ್ಳುವ ಮೊದಲು ವೇಗ ತಗ್ಗಿಸಿ ನೋಡಿ.

● ವೇಗ ಅರ್ಧಕ್ಕಿಳಿದರೆ ಫ್ಯಾನ್ ದೂಡುವ ಗಾಳಿಯೂ ಸುಮಾರು ಅರ್ಧವಾಗುತ್ತದೆ. ಆದರೆ ಸದ್ದು ಸುಮಾರು 15 ಡೆಸಿಬೆಲ್ ಕುಸಿಯುತ್ತದೆ. 10 ಡೆಸಿಬೆಲ್ ಇಳಿದರೆ ಸಾಕು, ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ.

● ಶೇ 20ರಷ್ಟು ವೇಗ ಇಳಿಸಿದರೂ ಸದ್ದು ಸುಮಾರು 5 ಡೆಸಿಬೆಲ್ ತಗ್ಗುತ್ತದೆ. ಗಾಳಿ ತಳ್ಳಲು ಬೇಕಾದ ಶಕ್ತಿಯೂ ಹೆಚ್ಚುಕಡಿಮೆ ಅರ್ಧ ಸಾಕು. ಏಕೆಂದರೆ ಅದು ವೇಗದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ.

● 80 ಮಿ.ಮೀ. ಫ್ಯಾನ್ ಭರ್ರನೆ ತಿರುಗಿ ಕೊಡುವಷ್ಟು ಗಾಳಿಯನ್ನು 120 ಮಿ.ಮೀ. ಫ್ಯಾನ್ ನಿಧಾನವಾಗಿ ತಿರುಗಿಯೇ ಕೊಡುತ್ತದೆ. ದೊಡ್ಡ ಫ್ಯಾನ್ ಶಾಂತವಾಗಿರುವ ಗುಟ್ಟು ಇದೇ.

● ಮೂರು ಪಿನ್ನಿನ ಫ್ಯಾನಿನ ವೇಗ ತಗ್ಗಿಸಲು 12 ವೋಲ್ಟ್‌ಗಿಂತ ಕಡಿಮೆ ವಿದ್ಯುತ್ ಕೊಡಬೇಕು. ತೀರಾ ಇಳಿಸಿದರೆ ಅದು ತಿರುಗಲು ಶುರುವೇ ಆಗದಿರಬಹುದು.

● ನಾಲ್ಕು ಪಿನ್ನಿನ ಫ್ಯಾನ್‌ಗೆ ಮದರ್‌ಬೋರ್ಡ್ ಸೆಕೆಂಡಿಗೆ ಸುಮಾರು 25,000 ಬಾರಿ ಸಂಕೇತ ಕಳಿಸಿ ವೇಗ ನಿಯಂತ್ರಿಸುತ್ತದೆ. ಮನುಷ್ಯರ ಕಿವಿ ಗ್ರಹಿಸುವ ಮಿತಿ ಸೆಕೆಂಡಿಗೆ ಸುಮಾರು 20,000 ಕಂಪನ. ಹಾಗಾಗಿ ಆ ಸಂಕೇತದ ಸದ್ದು ನಮಗೆ ಕೇಳಿಸದು.

● ಬಯಾಸ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸರ್ ಬಿಸಿಗೆ ತಕ್ಕಂತೆ ಫ್ಯಾನ್ ವೇಗ ಹೊಂದಿಸಬಹುದು. ಹಗುರ ಕೆಲಸಕ್ಕೆ ಕಡಿಮೆ ವೇಗ, ಗೇಮ್ ಅಥವಾ ವಿಡಿಯೊ ಎಡಿಟಿಂಗ್‌ಗೆ ಹೆಚ್ಚು ವೇಗ.

ನೆನಪಿಡಿ: ವೇಗ ಇಳಿಸಿದ ಮೇಲೆ ಭಾರಿ ಕೆಲಸ ಕೊಟ್ಟು ಪ್ರೊಸೆಸರ್ ತಾಪಮಾನ ನೋಡಿ. ಜಾಲರಿಯ ದೂಳನ್ನು ಆಗಾಗ ತೆಗೆಯಿರಿ. ಗಾಳಿ ಸರಾಗವಾಗಿ ಆಡಿದರೆ ಕಡಿಮೆ ವೇಗವೇ ಸಾಕಾಗುತ್ತದೆ.