ಭಿಶಿಯ ವಹಿ, ಬ್ಲಾಕ್‌ಚೈನ್ ಮತ್ತು ಮೊಬೈಲ್‌ನಲ್ಲಿ ಬೆಳೆದ ಲಕ್ಷಗಳು

ಕಿರುಪರೀಕ್ಷೆಯ ಹಿಂದಿನ ವಾರ ದ್ವಿತೀಯ ಪಿಯುಸಿಯ ಒಬ್ಬ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದ. ದಿನವೂ ಖಾನಾಪುರದಿಂದ ಬಸ್ಸಿನಲ್ಲಿ ಬಂದು ಹೋಗುವವನು. ಒಳಗೆ ಕರೆದರೆ ಮೊಬೈಲ್ ನನ್ನ ಮುಂದಿಟ್ಟ.

"ಸರ್, ಇದ್ರಾಗ ಎರಡು ಲಕ್ಷ ಎಂಬತ್ನಾಲ್ಕು ಸಾವಿರ ಐತ್ರಿ. ತಗೀಲಿಕ್ಕೆ ಬರವಲ್ದು."

ದುಬೈನಲ್ಲಿ ಎ.ಸಿ. ರಿಪೇರಿ ಕೆಲಸ ಮಾಡುವ ಅವನ ಅಣ್ಣ, ತಮ್ಮನ ಮುಂದಿನ ವರ್ಷದ ಫೀಗೆಂದು ಹಣ ಕಳಿಸುತ್ತಿದ್ದ. ಅದರಲ್ಲಿ 60,000 ರೂಪಾಯಿಯನ್ನು ಇವನು ಮೂರು ಕಂತಿನಲ್ಲಿ ಒಂದು 'ಕ್ರಿಪ್ಟೋ' ಆ್ಯಪ್‌ಗೆ ಹಾಕಿದ್ದ. ಎರಡು ತಿಂಗಳಲ್ಲಿ ಅದು 2,84,000 ಆಗಿದೆ ಎಂದು ಆ್ಯಪ್ ತೋರಿಸುತ್ತಿತ್ತು. ಹಣ ಬೇಕೆಂದರೆ ಲಾಭದ ಮೇಲೆ ಶೇ. 30ರಷ್ಟು 'ಸರ್ಕಾರಿ ತೆರಿಗೆ', ಅಂದರೆ 67,200 ರೂಪಾಯಿ, ಮೊದಲು ಕಟ್ಟಬೇಕಂತೆ. ಟೆಲಿಗ್ರಾಂನಲ್ಲಿ ಒಬ್ಬ 'ಮೇಡಂ' ಹಾಗೆ ಹೇಳಿದ್ದರು. ಅಣ್ಣನಿಗೆ ಇನ್ನೂ ಏನೂ ಗೊತ್ತಿರಲಿಲ್ಲ.

"ಕ್ರಿಪ್ಟೋಕ್ಕ ಮೂವತ್ತು ಪರ್ಸೆಂಟ್ ಟ್ಯಾಕ್ಸ್ ಖರೇನ ಐತೇನ್ರಿ ಸರ್?"

ಖರೇ ಇದೆ. ಆ ಒಂದು ನಿಜದ ಮೇಲೆಯೇ ಉಳಿದ ಸುಳ್ಳೆಲ್ಲ ನಿಂತಿತ್ತು. ಹುಡುಗನ ಅನುಮತಿ ಪಡೆದು, ಗುರುತು ಬಿಟ್ಟು, ಈ ಲೇಖನ ಬರೆಯುತ್ತಿದ್ದೇನೆ. ಬಿಟ್‌ಕಾಯಿನ್ ಬಗ್ಗೆ ಆಮೇಲೂ ಏಳೆಂಟು ಮಂದಿ ನನ್ನನ್ನು ಕೇಳಿದ್ದಾರೆ. ನಮ್ಮ ಪಠ್ಯದಲ್ಲಿ ಈ ವಿಷಯವಿಲ್ಲ, ಆದರೆ ಕ್ಲಾಸಿನ ಅರ್ಧ ಮೊಬೈಲ್‌ಗಳಲ್ಲಿ ಇದರ ಜಾಹೀರಾತು ಇದೆ.

ಮೊದಲು ಬ್ಲಾಕ್‌ಚೈನ್. ನಮ್ಮ ಗಲ್ಲಿಗಳಲ್ಲಿ ನಡೆಯುವ ಭಿಶಿ ನಿಮಗೆಲ್ಲ ಗೊತ್ತು. ಇಪ್ಪತ್ತು ಜನ, ತಿಂಗಳಿಗೆ ತಲಾ 500, ಚೀಟಿಯಲ್ಲಿ ಹೆಸರು ಬಂದವರಿಗೆ 10,000. ವಹಿ ಒಬ್ಬ ಖಾಲಾ ಹತ್ತಿರ ಇರುತ್ತದೆ. ಎಲ್ಲರೂ ಅವರನ್ನು ನಂಬುತ್ತಾರೆ. ಈಗ ಹೀಗೆ ಊಹಿಸಿ: ವಹಿ ಒಂದೇ ಅಲ್ಲ, ಇಪ್ಪತ್ತೂ ಮನೆಗಳಲ್ಲಿ ಒಂದೊಂದು ಪ್ರತಿ ಇದೆ. ಜೊತೆಗೆ ಪ್ರತಿ ಪುಟದ ಕೆಳಗೆ ಒಂದು ಗುರುತು ಸಂಖ್ಯೆ ಬರೆಯಬೇಕು. ಅದರ ಲೆಕ್ಕ ಇಷ್ಟೇ: ಈ ತಿಂಗಳ ಮೊತ್ತಕ್ಕೆ ಹಿಂದಿನ ಪುಟದ ಗುರುತು ಸಂಖ್ಯೆ ಕೂಡಿಸಿ, 97ರಿಂದ ಭಾಗಿಸಿ, ಉಳಿದ ಶೇಷ.

ಮೊದಲ ಪುಟ 10,000. ಶೇಷ 9. ಎರಡನೇ ಪುಟ 10,009. ಶೇಷ 18. ಮೂರನೇ ಪುಟ 10,018. ಶೇಷ 27. ಯಾರೋ ಒಬ್ಬರು ಮೊದಲ ಪುಟದ 10,000 ಅನ್ನು ಮೆಲ್ಲಗೆ 9,500 ಎಂದು ತಿದ್ದಿದರೆನ್ನಿ. ಅಲ್ಲಿನ ಶೇಷ 91 ಆಗುತ್ತದೆ, ಎರಡನೇ ಪುಟದ್ದು 3, ಮೂರನೇ ಪುಟದ್ದು 12. ಒಂದು ಕಡೆ ಕೈ ಹಾಕಿದರೆ ಮುಂದಿನ ಎಲ್ಲ ಪುಟಗಳೂ ತಪ್ಪುತ್ತವೆ. ಉಳಿದ ಹತ್ತೊಂಬತ್ತು ವಹಿಗಳಲ್ಲಿ 27 ಇದೆ, ಇವರದರಲ್ಲಿ ಮಾತ್ರ 12. ಬ್ಲಾಕ್ ಎಂದರೆ ಆ ಪುಟ, ಚೈನ್ ಎಂದರೆ ಗುರುತು ಸಂಖ್ಯೆಗಳ ಆ ಕೊಂಡಿ. ನನ್ನ 97ರ ಲೆಕ್ಕವನ್ನು ಜಾಣ ವಿದ್ಯಾರ್ಥಿ ಹತ್ತು ನಿಮಿಷದಲ್ಲಿ ಮೋಸಗೊಳಿಸಬಹುದು. ಬಿಟ್‌ಕಾಯಿನ್ ಬಳಸುವ ಎಸ್‌ಎಚ್‌ಎ-256 ಎಂಬ ಲೆಕ್ಕವನ್ನು ಹಾಗೆ ಮೋಸಗೊಳಿಸುವ ದಾರಿ ಈವರೆಗೆ ಯಾರಿಗೂ ಸಿಕ್ಕಿಲ್ಲ.

2008ರ ಅಕ್ಟೋಬರ್ 31ರಂದು ಸತೋಶಿ ನಾಕಾಮೊಟೊ ಎಂಬ ಹೆಸರಿನಲ್ಲಿ ಒಂದು ಒಂಬತ್ತು ಪುಟದ ಲೇಖನ ಇಂಟರ್ನೆಟ್ಟಿನಲ್ಲಿ ಬಂತು. ಅದರ ಹಿಂದಿನ ವ್ಯಕ್ತಿ ಯಾರೆಂಬುದು ಇಂದಿಗೂ ಖಚಿತವಾಗಿಲ್ಲ. 2009ರ ಜನವರಿ 3ರಂದು ಆ ವಹಿಯ ಮೊದಲ ಪುಟ ಬರೆಯಲಾಯಿತು. ಸುಮಾರು ಹತ್ತು ನಿಮಿಷಕ್ಕೊಂದು ಹೊಸ ಪುಟ. ಯಾರ ಕಂಪ್ಯೂಟರ್ ಒಂದು ಕಠಿಣ ಲೆಕ್ಕವನ್ನು ಮೊದಲು ಬಿಡಿಸುತ್ತದೋ ಅವರಿಗೆ ಆ ಪುಟ ಬರೆಯುವ ಹಕ್ಕು, ಜೊತೆಗೆ ಕೂಲಿಯಾಗಿ ಹೊಸ ಬಿಟ್‌ಕಾಯಿನ್. ಈ ಕೂಲಿ ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. 2024ರ ಏಪ್ರಿಲ್‌ನಿಂದ ಅದು 3.125. ಒಟ್ಟು 2.1 ಕೋಟಿಗಿಂತ ಹೆಚ್ಚು ಬಿಟ್‌ಕಾಯಿನ್ ಹುಟ್ಟುವುದೇ ಇಲ್ಲ.

ಪೂರೈಕೆ ಹೀಗೆ ಕಟ್ಟಿಹಾಕಿದ್ದಾದ್ದರಿಂದ ಬೆಲೆಯನ್ನು ಕುಣಿಸುವುದು ಬೇಡಿಕೆ ಮಾತ್ರ. 2017ರ ಡಿಸೆಂಬರ್‌ನಲ್ಲಿ ಒಂದು ಬಿಟ್‌ಕಾಯಿನ್‌ಗೆ 20,000 ಡಾಲರ್ ಹತ್ತಿರ. ಒಂದೇ ವರ್ಷದಲ್ಲಿ ಅದು 4,000ಕ್ಕಿಂತ ಕೆಳಗೆ. 2021ರ ನವೆಂಬರ್‌ನಲ್ಲಿ 69,000 ಸಮೀಪ. ಮರುವರ್ಷದ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಎಂಬ ದೊಡ್ಡ ವಿನಿಮಯ ಕಂಪನಿ ದಿವಾಳಿಯಾದಾಗ 16,000ಕ್ಕಿಂತ ಕೆಳಗೆ. 2024ರ ಜನವರಿಯಲ್ಲಿ ಅಮೆರಿಕದ ನಿಯಂತ್ರಕರು ಬಿಟ್‌ಕಾಯಿನ್ ಆಧಾರಿತ ಫಂಡ್‌ಗಳನ್ನು ಷೇರುಪೇಟೆಗೆ ಬಿಟ್ಟರು. ಆ ಡಿಸೆಂಬರ್‌ನಲ್ಲಿ ಬೆಲೆ ಲಕ್ಷ ಡಾಲರ್ ದಾಟಿತು. 2025ರ ಅಕ್ಟೋಬರ್ ಮೊದಲ ವಾರದಲ್ಲಿ 1,26,000. ನವೆಂಬರ್ ಮುಗಿಯುವ ಮೊದಲೇ 90,000ಕ್ಕಿಂತ ಕೆಳಗಿಳಿದಿತ್ತು. ಈ ಏರಿಳಿತದ ಹಿಂದೆ ಕಾರ್ಖಾನೆಯ ಲಾಭವಿಲ್ಲ, ಹೊಲದ ಫಸಲಿಲ್ಲ, ಮನೆಯ ಬಾಡಿಗೆಯಿಲ್ಲ. ಮುಂದೆ ಕೊಳ್ಳುವವನು ಎಷ್ಟು ಕೊಡುತ್ತಾನೆ ಎಂಬುದೇ ಬೆಲೆ. ಇದರಲ್ಲಿ ದುಡ್ಡು ಮಾಡಿದವರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಫೀ ಕಟ್ಟುವ ದಿನ ನಿಗದಿಯಾಗಿರುತ್ತದೆ, ಬಿಟ್‌ಕಾಯಿನ್ ಏರುವ ದಿನ ನಿಗದಿಯಾಗಿರುವುದಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ವಹಿ ತಿದ್ದಲಾಗದು ಎಂದರೆ ಹಣ ಭದ್ರ ಎಂದು ಅರ್ಥವಲ್ಲ. ನಮ್ಮ ನೆರೆಯ ಕೊಲ್ಲಾಪುರ, ಪುಣೆ ಭಾಗದಲ್ಲಿ ಗೇನ್‌ಬಿಟ್‌ಕಾಯಿನ್ ಎಂಬ ಯೋಜನೆ ನಡೆಯಿತು. ನಿಮ್ಮ ಬಿಟ್‌ಕಾಯಿನ್ ನಮಗೆ ಕೊಡಿ, 18 ತಿಂಗಳ ಕಾಲ ತಿಂಗಳಿಗೆ ಶೇ. 10ರಂತೆ ಬಿಟ್‌ಕಾಯಿನ್‌ನಲ್ಲೇ ಹಿಂತಿರುಗಿಸುತ್ತೇವೆ ಎಂದು ಭರವಸೆ. ಒಂದು ಕೊಟ್ಟರೆ 1.8. ಹೊಸಬರನ್ನು ಕರೆತಂದವರಿಗೆ ಕಮಿಷನ್ ಬೇರೆ. ಮೊದಮೊದಲು ಬಂತು. ಹೊಸಬರು ಕಡಿಮೆಯಾದಾಗ, ಎಂಕ್ಯಾಪ್ ಎಂಬ ತಮ್ಮದೇ ನಾಣ್ಯವೊಂದನ್ನು ಹುಟ್ಟಿಸಿ, ಬಿಟ್‌ಕಾಯಿನ್ ಬದಲು ಅದನ್ನು ಕೊಟ್ಟರು. ಪೇಟೆಯಲ್ಲಿ ಅದಕ್ಕೆ ಬೆಲೆಯೇ ಇರಲಿಲ್ಲ. ರೂವಾರಿಯ ಬಂಧನವಾದದ್ದು 2018ರಲ್ಲಿ. 2025ರ ಫೆಬ್ರವರಿಯಲ್ಲೂ ಸಿಬಿಐ ಕೊಲ್ಲಾಪುರ, ಪುಣೆ, ಬೆಂಗಳೂರು ಸೇರಿ ಹಲವು ಊರುಗಳಲ್ಲಿ ಶೋಧ ನಡೆಸುತ್ತಿತ್ತು. ಗಮನಿಸಿ, ಇಲ್ಲಿ ಬಿಟ್‌ಕಾಯಿನ್‌ನ ವಹಿಯಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಜನರು ತಮ್ಮ ನಾಣ್ಯವನ್ನು ಅವರಿಗೆ ಕೊಟ್ಟದ್ದು ಅಲ್ಲಿ ಸರಿಯಾಗಿಯೇ ದಾಖಲಾಗಿದೆ, ಶಾಶ್ವತವಾಗಿ.

ಹಾಗೆಂದು ಮೋಸಕ್ಕೆ ಬ್ಲಾಕ್‌ಚೈನ್ ಬೇಕೇ ಬೇಕೆಂದಿಲ್ಲ. 2019ರಲ್ಲಿ ಬೆಂಗಳೂರಿನ ಐಎಂಎ ಬಡ್ಡಿಯಲ್ಲ, ಲಾಭದ ಪಾಲು ಎಂದು ಹೇಳಿ ಸಾವಿರಾರು ಮುಸ್ಲಿಂ ಕುಟುಂಬಗಳ ಉಳಿತಾಯ ನುಂಗಿದ್ದು ನಮ್ಮಲ್ಲಿ ಅನೇಕರ ಮನೆಗಳಲ್ಲಿ ಇನ್ನೂ ಮಾತಾಗುತ್ತದೆ. ಅಲ್ಲಿ ಇದ್ದದ್ದು ಕಾಗದದ ರಸೀದಿ. ಧಾರ್ಮಿಕವಾಗಿ ಕ್ರಿಪ್ಟೋ ಜಾಯಿಜೋ ಅಲ್ಲವೋ ಎಂದು ಕೆಲವರು ಕೇಳಿದಿರಿ. ನಾನು ವಾಣಿಜ್ಯ ವಿಭಾಗದವನು, ಫತ್ವಾ ನನ್ನ ಕೆಲಸವಲ್ಲ. ಇಂಡೋನೇಷ್ಯಾದ ಉಲೆಮಾ ಮಂಡಳಿ 2021ರ ನವೆಂಬರ್‌ನಲ್ಲಿ ಕ್ರಿಪ್ಟೋವನ್ನು ಹಣವಾಗಿ ಬಳಸುವುದು ಸಲ್ಲದು ಎಂದಿತು. ಅದು ಕೊಟ್ಟ ಕಾರಣಗಳಲ್ಲಿ ಒಂದು ಅನಿಶ್ಚಿತತೆ, ಅಂದರೆ ಘರರ್. ಬೇರೆ ಅಭಿಪ್ರಾಯದ ವಿದ್ವಾಂಸರೂ ಇದ್ದಾರೆ. ಬಲ್ಲವರನ್ನು ಕೇಳಿ.

ಕಾನೂನಿನ ಕಥೆ ಸ್ವಲ್ಪ ವಿಚಿತ್ರ. 2013ರಲ್ಲಿ ತುಮಕೂರಿನ ಯುವಕರು ಶುರು ಮಾಡಿದ ಯುನೊಕಾಯಿನ್ ನಮ್ಮ ದೇಶದ ಮೊದಮೊದಲ ಬಿಟ್‌ಕಾಯಿನ್ ಕಂಪನಿಗಳಲ್ಲೊಂದು. 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ಕ್ರಿಪ್ಟೋ ವ್ಯವಹಾರದವರಿಗೆ ಸೇವೆ ಕೊಡಬೇಡಿ ಎಂದು ಬ್ಯಾಂಕುಗಳಿಗೆ ಹೇಳಿತು. ಬ್ಯಾಂಕಿನ ಬಾಗಿಲು ಮುಚ್ಚಿದ ಕಾರಣ ಕಂಪನಿಯವರು ಆ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಕೆಂಪ್‌ಫೋರ್ಟ್ ಮಾಲ್‌ನಲ್ಲಿ ನಗದು ಹಾಕುವ, ತೆಗೆಯುವ ಒಂದು ಯಂತ್ರ ಇಟ್ಟರು. ಪೊಲೀಸರು ಯಂತ್ರ ಜಪ್ತಿ ಮಾಡಿ ಸಂಸ್ಥಾಪಕರನ್ನು ಬಂಧಿಸಿದರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನೇ ರದ್ದುಪಡಿಸಿತು. 2022ರ ಬಜೆಟ್ ಲಾಭದ ಮೇಲೆ ಶೇ. 30 ತೆರಿಗೆ, ಮಾರಾಟದ ಮೇಲೆ ಶೇ. 1 ಟಿಡಿಎಸ್ ತಂದಿತು. 2023ರ ಮಾರ್ಚ್‌ನಿಂದ ಈ ಕಂಪನಿಗಳು ಅಕ್ರಮ ಹಣ ತಡೆ ಕಾಯ್ದೆಯಡಿ ಬಂದವು. ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿ, ಗ್ರಾಹಕರ ಗುರುತು ಇಟ್ಟುಕೊಳ್ಳಬೇಕು. ತೆರಿಗೆ ಹಾಕಿದ ಮಾತ್ರಕ್ಕೆ ಅದು ಹಣವೆಂದು ಒಪ್ಪಿದಂತೆ ಅಲ್ಲ. ನಿಮ್ಮ ಬ್ಯಾಂಕ್ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ. ಕ್ರಿಪ್ಟೋಗೆ ಒಂದು ರೂಪಾಯಿಯೂ ಇಲ್ಲ. 2024ರ ಜುಲೈ 18ರಂದು ವಜೀರ್‌ಎಕ್ಸ್‌ನಿಂದ ಸುಮಾರು 2,000 ಕೋಟಿ ರೂಪಾಯಿ ಮೌಲ್ಯದ ನಾಣ್ಯ ಕಳವಾಯಿತು. ಗ್ರಾಹಕರು ಮರುವರ್ಷದ ಅಕ್ಟೋಬರ್‌ವರೆಗೆ ಕಾದರು.

ಹಾಗಾದರೆ ಬ್ಲಾಕ್‌ಚೈನ್ ಬರಿ ಬುರುಡೆಯೇ? ಅಲ್ಲ. ಒಬ್ಬರನ್ನೊಬ್ಬರು ಪೂರ್ತಿ ನಂಬದವರು ಒಂದೇ ವಹಿ ಇಡಬೇಕಾದ ಜಾಗದಲ್ಲಿ ಅದು ನಿಜವಾಗಿಯೂ ಕೆಲಸಕ್ಕೆ ಬರುತ್ತದೆ. ಉದ್ಯಮಬಾಗದ ಒಂದು ಫೌಂಡ್ರಿ ಎಂದುಕೊಳ್ಳಿ. ಎರಕದ ಮಾಲು ಕಳಿಸಿದೆ, ಹಣ ಬರಲು ಮೂರು ತಿಂಗಳು. ಅಲ್ಲಿಯವರೆಗೆ ಆ ಬಿಲ್ಲನ್ನು ತೋರಿಸಿ ಬ್ಯಾಂಕಿನಿಂದ ಹಣ ಪಡೆಯಬಹುದು. ಅದೇ ಬಿಲ್ಲನ್ನು ಇನ್ನೊಂದು ಬ್ಯಾಂಕಿಗೂ ತೋರಿಸಿದರೆ? ಒಂದು ಬ್ಯಾಂಕು ತನ್ನ ಪುಸ್ತಕವನ್ನು ಇನ್ನೊಂದಕ್ಕೆ ತೆರೆದು ತೋರಿಸುವುದಿಲ್ಲ. ಇಂಥ ಬಿಲ್ಲುಗಳ ವಹಿವಾಟು ನಡೆಸುವ ಟ್ರೆಡ್ಸ್ ವೇದಿಕೆಗಳು ಈ ಮೋಸ ಹಿಡಿಯಲೆಂದೇ 2018ರಲ್ಲಿ ಬ್ಲಾಕ್‌ಚೈನ್ ಬಳಸತೊಡಗಿದವು. ಬಿಲ್ಲಿನ ಪೂರ್ಣ ವಿವರ ಬಹಿರಂಗವಾಗುವುದಿಲ್ಲ, ಗುರುತು ಸಂಖ್ಯೆ ಮಾತ್ರ ಹೋಲಿಸಲಾಗುತ್ತದೆ. ನಮ್ಮ 27 ಮತ್ತು 12ರ ಹಾಗೆ. 2021ರಲ್ಲಿ ಕೆನರಾ ಬ್ಯಾಂಕ್, ಸ್ಟೇಟ್ ಬ್ಯಾಂಕ್ ಸೇರಿ 15 ಬ್ಯಾಂಕುಗಳು ಲೆಟರ್ ಆಫ್ ಕ್ರೆಡಿಟ್ ಕೆಲಸಕ್ಕಾಗಿ ಒಂದು ಜಂಟಿ ಕಂಪನಿಯನ್ನೇ ಕಟ್ಟಿದವು.

ರಿಸರ್ವ್ ಬ್ಯಾಂಕಿನ ಇ-ರೂಪಾಯಿಯಲ್ಲೂ ಬ್ಲಾಕ್‌ಚೈನ್ ಅಂಶಗಳಿವೆ. ಜನಸಾಮಾನ್ಯರಿಗಾಗಿ 2022ರ ಡಿಸೆಂಬರ್ 1ರಂದು ಪ್ರಯೋಗ ಆರಂಭವಾದ ನಾಲ್ಕು ನಗರಗಳಲ್ಲಿ ಬೆಂಗಳೂರು ಒಂದು. ಅದರ 100 ರೂಪಾಯಿ ಇವತ್ತೂ 100, ನಾಳೆಯೂ 100. ಅದು ಏರುವುದಿಲ್ಲ, ಇಳಿಯುವುದಿಲ್ಲ, ಬಡ್ಡಿಯೂ ಇಲ್ಲ. ಈ ಎಲ್ಲ ಕಡೆ ವಹಿ ಬರೆಯುವವರು ಯಾರೆಂದು ಗೊತ್ತು, ತಪ್ಪಾದರೆ ಕೇಳಲು ಒಂದು ಕಚೇರಿ ಇದೆ. ಮತ್ತು ಇವುಗಳಲ್ಲಿ ಯಾವುದಕ್ಕೂ ನೀವು ಹೋಗಿ ಕಾಯಿನ್ ಕೊಳ್ಳಬೇಕಿಲ್ಲ. "ಬ್ಲಾಕ್‌ಚೈನ್ ಭವಿಷ್ಯದ ತಂತ್ರಜ್ಞಾನ, ಅದಕ್ಕೇ ನಮ್ಮ ಕಾಯಿನ್ ಕೊಳ್ಳಿ" ಎನ್ನುವವರು ನಡುವಿನ ಒಂದು ಮೆಟ್ಟಿಲನ್ನು ಹಾರಿಸಿರುತ್ತಾರೆ.

ಇನ್ನೊಂದು ಮಾತು. ಖಡೇಬಜಾರಿನ ಚಹಾದಂಗಡಿಯಲ್ಲಿ ನೀವು ಸ್ಕ್ಯಾನ್ ಮಾಡುವ ಯುಪಿಐಗೆ ಬ್ಲಾಕ್‌ಚೈನ್ ಇಲ್ಲ. 2025ರ ಆಗಸ್ಟ್‌ನಲ್ಲಿ ಅದು ತಿಂಗಳಿಗೆ 2,000 ಕೋಟಿ ವಹಿವಾಟು ದಾಟಿತು, ಅಂದರೆ ಸೆಕೆಂಡಿಗೆ ಸರಾಸರಿ 7,000ಕ್ಕೂ ಹೆಚ್ಚು. ಬಿಟ್‌ಕಾಯಿನ್‌ನ ಮೂಲ ವಹಿಗೆ ಸೆಕೆಂಡಿಗೆ ಏಳರ ಆಚೀಚೆ. ನಂಬಿಕೆಗೆ ಅರ್ಹ ಸಂಸ್ಥೆ ಒಂದಿದ್ದಲ್ಲಿ ಇಪ್ಪತ್ತು ವಹಿ ಇಡುವುದು ದಂಡ ಎಂಬುದು ನನ್ನ ಅಭಿಪ್ರಾಯ. ನಮ್ಮ ಲೈಬ್ರರಿ ರಿಜಿಸ್ಟರಿಗೂ ಬ್ಲಾಕ್‌ಚೈನ್ ಬೇಕೆಂದು ವಿಜ್ಞಾನ ವಿಭಾಗದ ಒಬ್ಬರು ವಾದಿಸಿದ್ದರು. ಪುಸ್ತಕ ವಾಪಸ್ ಮಾಡದವರು ಆಗಲೂ ಮಾಡುವುದಿಲ್ಲ.

ಈಗ ಆ ಶೇ. 30ಕ್ಕೆ ಬರೋಣ. ತೆರಿಗೆ ಕಟ್ಟುವುದು ಆದಾಯ ತೆರಿಗೆ ಇಲಾಖೆಗೆ, ಯಾವ ಆ್ಯಪ್‌ಗೂ ಅಲ್ಲ, ಟೆಲಿಗ್ರಾಂನ ಮೇಡಂ ಕೊಟ್ಟ ಯುಪಿಐ ಐಡಿಗೆ ಅಂತೂ ಅಲ್ಲ. ಅದೂ ಲಾಭ ನಿಜವಾಗಿ ಕೈಗೆ ಬಂದ ಮೇಲೆ. ಕಂಪನಿ ಹಿಡಿದುಕೊಳ್ಳುವುದು ಶೇ. 1 ಟಿಡಿಎಸ್ ಮಾತ್ರ. ಅದನ್ನೂ ನಿಮಗೆ ಬರುವ ಹಣದಲ್ಲೇ ಕಳೆದು, ನಿಮ್ಮ ಪ್ಯಾನ್ ಲೆಕ್ಕಕ್ಕೆ ಜಮೆ ಮಾಡುತ್ತದೆ. ಹೊಸದಾಗಿ ತಂದು ಕಟ್ಟು ಎನ್ನುವುದಿಲ್ಲ. ನಿಜವಾದ ನಿಯಮವೇ ಸಾಕಷ್ಟು ಕಠಿಣ: ಒಂದು ನಾಣ್ಯದಲ್ಲಿ 10,000 ಲಾಭ, ಇನ್ನೊಂದರಲ್ಲಿ 10,000 ನಷ್ಟ ಆದರೂ ಲಾಭದ ಮೇಲೆ 3,000 ತೆರಿಗೆ ಮತ್ತು ಸೆಸ್ ಕಟ್ಟಲೇಬೇಕು, ನಷ್ಟವನ್ನು ವಜಾ ಮಾಡುವಂತಿಲ್ಲ. ಇನ್ನೊಂದು ಸುಳಿವು ಆ ಹುಡುಗನ ಜೇಬಿನಲ್ಲೇ ಇತ್ತು. ಅವನಿಗೆ ಹದಿನೇಳು ವರ್ಷ. ಅಪ್ರಾಪ್ತರ ಕರಾರು ಮೊದಲಿಂದಲೇ ಶೂನ್ಯ ಎಂದು ಪ್ರಿವಿ ಕೌನ್ಸಿಲ್ 1903ರ ಮೊಹರಿ ಬೀಬಿ ಪ್ರಕರಣದಲ್ಲೇ ಹೇಳಿದೆ. ನಿಯಮದಂತೆ ನಡೆಯುವ ಕಂಪನಿ ಪ್ಯಾನ್ ಕೇಳುತ್ತದೆ, ವಯಸ್ಸು ನೋಡುತ್ತದೆ. ಈ ಆ್ಯಪ್ ಮೊಬೈಲ್ ನಂಬರ್ ಒಂದನ್ನೇ ಕೇಳಿತ್ತು.

ಸ್ಟಾಫ್ ರೂಮಿನಿಂದಲೇ 1930ಕ್ಕೆ ಫೋನ್ ಮಾಡಿಸಿದೆ. ಸೈಬರ್ ವಂಚನೆಗೆ ಇರುವ ರಾಷ್ಟ್ರೀಯ ಸಹಾಯವಾಣಿ ಅದು, ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು. ಅವನ ಮೂರನೇ ಕಂತು 15,000 ಹೋಗಿ ಎರಡೇ ದಿನವಾಗಿತ್ತು, ಆ ಖಾತೆಯಲ್ಲಿ ಅದನ್ನು ತಡೆಹಿಡಿಯಲಾಯಿತು. ಮೊದಲ ಎರಡು ಕಂತಿನ 45,000 ಎಲ್ಲಿಗೆ ಹೋಯಿತೆಂದು ಇನ್ನೂ ಗೊತ್ತಾಗಿಲ್ಲ. ಸಂಜೆ ಅವನು ದುಬೈಗೆ ಫೋನ್ ಮಾಡಿದ. ಅಣ್ಣ ಬೈಯಲಿಲ್ಲವಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಆತೇನು?" ಎಂದು ಕೇಳಿದನಂತೆ.

ಟೆಲಿಗ್ರಾಂನ ಮೇಡಂ ಇನ್ನೂ ಬಿಟ್ಟಿಲ್ಲ. ಇವತ್ತೇ ಕಟ್ಟಿದರೆ ತೆರಿಗೆಯಲ್ಲಿ ರಿಯಾಯಿತಿ, 40,000 ಸಾಕು ಎಂದು ಮೊನ್ನೆ ಸಂದೇಶ ಬಂದಿದೆ. ಆ್ಯಪ್‌ನಲ್ಲಿ ಅವನ ಮೊತ್ತ ಈಗ 3,11,000.